ಅಜ್ಜಿ ಫೇಲಾದ ಪರೀಕ್ಷೆ

ದೊಡ್ಡಉಳ್ಳಾರ್ತಿ
ಭಾನುವಾರ, 9 ನವೆಂಬರ್ 2025

ನನ್ನ ರಶ್ಮಿತಾ,

ನಿನ್ನ ಕಾಗದ ಕೈಸೇರಿ ಇಪ್ಪತ್ತು ದಿನವಾಯಿತು. ಶೇಂಗಾ ಬಿಡಿಸುವ ಕೆಲಸವಿತ್ತು ಎಂದು ಸಬೂಬು ಹೇಳಬಹುದು. ನಿಜವೇನೆಂದರೆ ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಸಿಟ್ಟು ನೆತ್ತಿಗೇರಿ ಹಾಳೆ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನಜ್ಜಿ ಪಕ್ಕದಲ್ಲೇ ಕೂತು, "ಸ್ಪೀಕರ್ ಹಾಕೇ, ಮಗೀನ್ ದನಿ ಕೇಳ್ತೀನಿ" ಅನ್ನುತ್ತಾಳೆ. ಅವಳ ಮುಂದೆ ಆಡುವ ಮಾತಲ್ಲ ಇದು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಇಲ್ಲಿ ಎಲ್ಲರೂ ಆರಾಮವಾಗಿದ್ದೇವೆ. ನಿಮ್ಮಪ್ಪ ಕುರಿ ಹೊಡೆದುಕೊಂಡು ರಾಯದುರ್ಗದ ಆಚೆಗೆ ಹೋಗಿದ್ದಾರೆ. ಕುರಿ ಮೇಯುತ್ತಿದ್ದ ಹುಲ್ಲುಗಾವಲು, ನಮ್ಮ ಕಾವಲು, ಅದರ ಸುತ್ತ ಗೋಡೆ ಎದ್ದ ಮೇಲೆ ಅವರ ನಡಿಗೆ ವರ್ಷವರ್ಷವೂ ಉದ್ದವಾಗುತ್ತಿದೆ. ಮೊನ್ನೆ ಫೋನ್ ಮಾಡಿ, "ಮಗಳ ನರ್ಸಿಂಗ್ ಪರೀಕ್ಷೆ ಯಾವಾಗಂತೆ?" ಎಂದು ಕೇಳಿದರು. ನನಗೇ ಗೊತ್ತಿರಲಿಲ್ಲ. ಮುಂದಿನ ಕಾಗದದಲ್ಲಿ ಬರೆ.

ಈಗ ನೀನು ಕೇಳಿದ ಮಾತಿಗೆ ಬರುತ್ತೇನೆ. ದಾವಣಗೆರೆಯ ಹಾಸ್ಟೆಲಿನಲ್ಲಿ ನಿನ್ನ ಗೆಳತಿಯರೆಲ್ಲ ಸೇರಿ ಕಂಪನಿಯ ವಿಡಿಯೋ ನೋಡಿದಿರಂತೆ. ಅಜ್ಜಿ ರಾಟೆ ತಿರುಗಿಸುವುದನ್ನು ಕಂಡು ಚಪ್ಪಾಳೆ ಹೊಡೆದರಂತೆ. ಕೆಳಗೆ ಇಂಗ್ಲಿಷಿನಲ್ಲಿ, ‘ನಮ್ಮ ತರಬೇತಿ ಬದಲಿಸಿದ ಕೈಗಳು’ ಎಂದು ಬರೆದಿತ್ತಂತೆ. "ಅವ್ವ, ಕಂಪನಿಯವರು ಅಜ್ಜಿಗೆ ಏನು ಕಲಿಸಿದರು?" ಎಂದು ಕೇಳಿದ್ದೀಯ.

ಏನೂ ಕಲಿಸಲಿಲ್ಲ ಮಗಳೇ. ಅವಳನ್ನು ಫೇಲು ಮಾಡಿದರು. ಇಷ್ಟು ದಿನ ನಿನಗೆ ಇದನ್ನು ಮುಚ್ಚಿಟ್ಟಿದ್ದೆ.

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ರಸ್ತೆಯಲ್ಲಿ, ಮುಚ್ಚಿಹೋಗಿದ್ದ ಎಣ್ಣೆ ಮಿಲ್ಲಿನಲ್ಲಿ ಆ ಹೊರದೇಶದ ಕಂಪನಿ ತರಬೇತಿ ಕೇಂದ್ರ ತೆರೆದದ್ದು, ಜನವರಿಯಲ್ಲಿ ನಾನು ಸ್ಥಳೀಯ ಸಂಯೋಜಕಿ ಎಂದು ಸೇರಿದ್ದು ನಿನಗೆ ಗೊತ್ತೇ ಇದೆ. ನಮ್ಮ ಕರಿ ಕುರಿಯ ಉಣ್ಣೆಯಿಂದ ನೆಲಹಾಸು ಮಾಡಿಸಿ ಇಪ್ಪತ್ತು ದೇಶಗಳ ಅಂಗಡಿಯಲ್ಲಿ ಮಾರುತ್ತೇವೆ ಎಂದಿದ್ದರು. ಉದ್ಘಾಟನೆಯ ದಿನ ಅವರ ದೊಡ್ಡ ಅಧಿಕಾರಿ ಇಂಗ್ಲಿಷಿನಲ್ಲಿ, "ನಿಮ್ಮ ಹೆಣ್ಣುಮಕ್ಕಳಿಗೆ ನಾವು ಕೌಶಲ್ಯ ಕೊಡುತ್ತೇವೆ" ಎಂದ. ಆ ಮಾತನ್ನು ಮೈಕು ಹಿಡಿದು ಕನ್ನಡಕ್ಕೆ ಹೇಳಿದವಳು ನಾನೇ. ಕಂಬಳಿಯ ಸೀಮೆಯಲ್ಲಿ ನಿಂತು, ಕಂಬಳಿ ಹೊದ್ದು ಬೆಳೆದವರ ಮುಂದೆ! ಆಗ ನನಗೆ ನಾಚಿಕೆಯಾಗಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿತ್ತು, ಅದೇ ಸಂಭ್ರಮ.

ಫೆಬ್ರವರಿಯಲ್ಲಿ ಕ್ಯಾಮೆರಾ ತಂದು ಎರಡು ದಿನ ನಮ್ಮ ಅಂಗಳದಲ್ಲೇ ಬೀಡುಬಿಟ್ಟರು. ಅಜ್ಜಿ ಉಣ್ಣೆ ಹಿಂಜಿದ್ದು, ನೂಲಿದ್ದು, ಕಡಿದ ಎಳೆಯನ್ನು ಗಂಟಿಲ್ಲದೆ ಕೂಡಿಸಿದ್ದು, ಎಲ್ಲವನ್ನೂ ಹಿಡಿದುಕೊಂಡರು. ಹೋಗುವಾಗ ಒಬ್ಬಳು ಅಜ್ಜಿಯ ಕೈ ಹಿಡಿದು, "ಅಜ್ಜಿ, ಇನ್ಮೇಲೆ ನೀವೇ ನಮ್ಮ ಟೀಚರ್" ಎಂದಳು. ಪಾಪ, ಅಜ್ಜಿ ನಂಬಿದಳು. ಓದು ಬರಹ ಬಾರದವಳಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಆ ಹೆಸರು! ಮರುವಾರವೇ ಪೇಟೆಗೆ ಹೋಗಿ ಎರಡು ಹೊಸ ರವಿಕೆ ಹೊಲಿಸಿಕೊಂಡು ಬಂದಳು.

ಆಮೇಲೆ ಹೊಸ ನಿಯಮ ಬಂತು. ಕೌಶಲ್ಯದ ಕಾರ್ಡ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ, ಕಾರ್ಡಿಗೆ ಪರೀಕ್ಷೆ, ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಪರೀಕ್ಷಕ ಹೊರಗಿನವನು, ನಿನಗಿಂತ ನಾಲ್ಕು ವರ್ಷ ದೊಡ್ಡವನಿದ್ದಾನು. ಟ್ಯಾಬ್‌ನಲ್ಲಿ ಇದ್ದದ್ದನ್ನು ಅವನು ಓದುವುದು, ನಾನು ಕನ್ನಡದಲ್ಲಿ ಹೇಳುವುದು.

"ಎಳೆಯಲ್ಲಿ ದೋಷ ಕಂಡರೆ ಮೊದಲು ಯಾರಿಗೆ ವರದಿ ಮಾಡಬೇಕು?"

ಅಜ್ಜಿ ನನ್ನ ಮುಖ ನೋಡಿದಳು. "ದಪ್ಪಾದ್ರೆ ಕಿತ್ತು ಮತ್ತೆ ನೂಲ್ತೀನಿ. ಅದುನ್ನ ಯಾರಿಗೇಳಾಕೆ ಹೋಗ್ಲಿ?"

‘ಮೇಲ್ವಿಚಾರಕರಿಗೆ’ ಎನ್ನಬೇಕಿತ್ತು. ತಪ್ಪು ಎಂದು ಬಿತ್ತು.

"ನೂಲುವಾಗ ಧರಿಸಬೇಕಾದ ರಕ್ಷಣಾ ಸಾಧನಗಳನ್ನು ಹೆಸರಿಸಿ."

"ಬಳೆ ಮ್ಯಾಲಕ್ಕೆ ಏರಿಸ್ಕಂತೀನಿ ಕಣಪ್ಪ, ಎಳೆಗೆ ತಾಗ್ದಂಗೆ."

ಅದೂ ತಪ್ಪು. ಪಕ್ಕದಲ್ಲಿದ್ದ ಬಿ.ಜಿ. ಕೆರೆಯ ಯರ್ರಮ್ಮ, "ಅಯ್ಯೋ ದೇವುಡಾ, ಇವ್ರು ನೂಲು ನೋಡಾಕ್ ಬಂದವ್ರೋ, ಬಾಯಿ ನೋಡಾಕ್ ಬಂದವ್ರೋ?" ಎಂದು ಜೋರಾಗಿಯೇ ಅಂದಳು. ಆ ಮಾತನ್ನು ನಾನು ಇಂಗ್ಲಿಷಿಗೆ ಹೇಳಲಿಲ್ಲ.

ಅಜ್ಜಿಗೆ ಅರವತ್ನಾಲ್ಕು ಬಂತು. ಯರ್ರಮ್ಮ ಸೇರಿ ಐವತ್ತು ದಾಟಿದ ಏಳು ಜನ ಫೇಲು. ಪಾಸಾದವರು ಶಾಲೆಯಲ್ಲಿ ಒಪ್ಪಿಸುವ ಹಾಗೆ ಉತ್ತರ ಹೇಳಲು ಬರುವ ಹುಡುಗಿಯರು. ಅವರಲ್ಲಿ ಅರ್ಧ ಜನ ರಾಟೆ ಮುಟ್ಟಿಯೇ ಇರಲಿಲ್ಲ. ಪಕ್ಕದ ಮನೆಯ ಆಶಾಳೂ ಪಾಸು.

ಏಪ್ರಿಲಿನಲ್ಲಿ ಅವರಿಗೆ ತರಬೇತಿ ಶುರುವಾಯಿತು. ಕಲಿಸಲು ಬಂದವನಿಗೆ ಯಂತ್ರದ ನೂಲು ಗೊತ್ತು, ರಾಟೆ ಗೊತ್ತಿಲ್ಲ. ಅದಕ್ಕೆ ಗೋಡೆಯ ಮೇಲೆ ಅಜ್ಜಿಯ ವಿಡಿಯೋ ಹಾಕಿ, "ನೋಡಿ ಮಾಡಿ" ಎನ್ನುತ್ತಿದ್ದ. ಆಶಾಳ ಎಳೆ ದಿನವೂ ಕಡಿಯುತ್ತಿತ್ತು. ಒಂದು ಸಂಜೆ ಬಂದು ಅಜ್ಜಿಯ ಹತ್ತಿರ ಅತ್ತುಕೊಂಡಳು. ಮರುದಿನ ಅಜ್ಜಿ ಹೊಸ ರವಿಕೆ ತೊಟ್ಟು, ಬಸ್ಸು ಹತ್ತಿ, ಯಾರಿಗೂ ಹೇಳದೆ ಕೇಂದ್ರಕ್ಕೆ ಬಂದೇಬಿಟ್ಟಳು.

ಗೇಟಿನಲ್ಲಿ ಕಾವಲಿಗಿದ್ದ ಗಾದ್ರಪ್ಪ ನನ್ನನ್ನು ಕರೆದ. ಹೋಗುವಷ್ಟರಲ್ಲಿ ಅವನು ಕೈ ಮುಗಿದುಕೊಂಡು ನಿಂತಿದ್ದ. "ಅಕ್ಕಾ, ಕಾರ್ಡಿಲ್ದೋರ್ನ ಬಿಡಂಗಿಲ್ಲ ಅಂದವ್ರೆ. ನನ್ ಕೆಲ್ಸ ಹೋಗ್ತೈತೆ."

"ನಾನೇನ್ ಕದಿಯಾಕ್ ಬಂದೀನೇನಪ್ಪ? ಆ ಹುಡ್ಗಿ ಕೈ ಒಂಚೂರು ತಿದ್ದಿ ಹೋಗ್ತೀನಿ."

ಅಷ್ಟರಲ್ಲಿ ಒಳಗಿನಿಂದ ದನಿ ಕೇಳಿಸಿತು: "ಎಳೆ ಬಿಗಿ ಹಿಡೀಬ್ಯಾಡ, ಅದು ತಾನೇ ಬರ್ತೈತೆ, ಬರಾಕ್ ಬಿಡು."

ಅಜ್ಜಿ ಕಿವಿಗೊಟ್ಟಳು. "ಯಾರೇ ಅದು, ನನ್ನಂಗೇ ಮಾತಾಡ್ತೈತಲ್ಲ?"

"ನೀನೇ ಅವ್ವ. ವಿಡಿಯೋ."

"ಹಂಗಾರೆ ನಾನು ಒಳಗೇ ಇದೀನಿ ಅನ್ನು" ಎಂದು ನಕ್ಕಳು. ಗಾದ್ರಪ್ಪ ಮುಖ ತಿರುಗಿಸಿಕೊಂಡ. ನಾನು ಅವಳನ್ನು ಬಸ್ಸು ಹತ್ತಿಸಿ ಬಂದೆ. ಆ ರವಿಕೆಗಳನ್ನು ಅವಳು ಮತ್ತೆ ತೊಟ್ಟಿದ್ದನ್ನು ನಾನು ನೋಡಿಲ್ಲ.

ಇಷ್ಟಾಗಿ ಹುಡುಗಿಯರಿಗಾದರೂ ಕೆಲಸ ಸಿಕ್ಕಿತೇ? ಜೂನ್‌ನಲ್ಲಿ ಲಾರಿಯಲ್ಲಿ ಯಂತ್ರದ ನೂಲು ಬಂತು, ನೇಯ್ದ ಹಾಸೂ ಬಂತು. ನಮ್ಮ ಕುರಿಯ ಉಣ್ಣೆ ಒರಟಂತೆ, ಗ್ರಾಹಕರ ಕಾಲಿಗೆ ಚುಚ್ಚುತ್ತದಂತೆ. ಹುಡುಗಿಯರು ಮಾಡಿದ್ದು ಅಂಚಿನ ದಾರ ಕತ್ತರಿಸಿ, ‘ಕೈಯಿಂದ ಮಾಡಿದ್ದು’ ಎಂಬ ಚೀಟಿ ಹೊಲಿಯುವುದು. ಸೆಪ್ಟೆಂಬರಿನಲ್ಲಿ ಅದೂ ನಿಂತಿತು. ಕೊನೆಯ ಸಭೆಯಲ್ಲಿ ಅದೇ ದೊಡ್ಡ ಅಧಿಕಾರಿ ಪರದೆಯ ಮೇಲೆ ಪಟ್ಟಿ ತೋರಿಸಿ, ಇಷ್ಟು ಮಹಿಳೆಯರು ನಮ್ಮಿಂದ ಪ್ರಯೋಜನ ಪಡೆದರು ಎಂದ. ಪಟ್ಟಿಯಲ್ಲಿ ಅಜ್ಜಿಯ ಹೆಸರು, ಯರ್ರಮ್ಮನ ಹೆಸರು!

ನಾನು ಎದ್ದು ನಿಂತೆ. "ಸಾರ್, ಇವರನ್ನು ನೀವು ಒಳಗೇ ಬಿಡಲಿಲ್ಲ. ಇವರಿಗೇನು ಪ್ರಯೋಜನವಾಯಿತು?"

"ಅವರ ಕೌಶಲ್ಯವನ್ನು ನಾವು ಗುರುತಿಸಿದ್ದೇವೆ."

"ಗುರುತಿಸಿ ಫೇಲು ಮಾಡಿದಿರಲ್ಲ?"

"ದಯವಿಟ್ಟು ಭಾವುಕರಾಗಬೇಡಿ" ಎಂದು ಗಡಿಯಾರ ನೋಡಿಕೊಂಡ. ಆಶಾ ಒಬ್ಬಳೇ ನನ್ನ ಪಕ್ಕಕ್ಕೆ ಬಂದು ನಿಂತಳು. ಉಳಿದವರಿಗೆ ಅಂದು ಸರ್ಟಿಫಿಕೇಟು ಬರಬೇಕಿತ್ತು, ಅವರನ್ನು ನಾನು ದೂರುವುದಿಲ್ಲ. ಅಕ್ಟೋಬರಿನಿಂದ ಕೇಂದ್ರಕ್ಕೆ ಬೀಗ. ನನ್ನ ಕೆಲಸವೂ ಹೋಯಿತು.

ನಿನ್ನ ಕಾಗದ ಓದಿದ ದಿನವೇ ಕಂಪನಿಗೆ ಬರೆದೆ: ಆ ಸುಳ್ಳು ಸಾಲು ತೆಗೆಯಿರಿ, ಇಲ್ಲವೇ ಅಜ್ಜಿಯ ಹೆಸರು ಹಾಕಿ. ವಿಡಿಯೋ ಬಳಸಲು ಕೊಟ್ಟ ಒಪ್ಪಿಗೆ ಪತ್ರದ ಮೇಲೆ ಅಜ್ಜಿಯ ಹೆಬ್ಬೆಟ್ಟು ಇದೆ ಎಂದು ಉತ್ತರ ಬಂತು. ಮತ್ತೆ ಬರೆದಿದ್ದೇನೆ, ಅವರ ದೇಶದ ಕಚೇರಿಗೇ. ಬರೆಯುತ್ತಲೇ ಇರುತ್ತೇನೆ. ನೀನೂ ಒಂದು ಕೆಲಸ ಮಾಡು. ಆ ವಿಡಿಯೋದ ಕೆಳಗೆ ನಿನ್ನ ಹೆಸರಿನಲ್ಲಿ ಇಂಗ್ಲಿಷಿನಲ್ಲೇ ಬರೆ: ಇವಳು ದೊಡ್ಡಉಳ್ಳಾರ್ತಿಯ ತಿಪ್ಪೇರುದ್ರಮ್ಮ, ಹತ್ತು ವರ್ಷದವಳಿದ್ದಾಗಿನಿಂದ ನೂಲುತ್ತಿದ್ದಾಳೆ, ನಿಮ್ಮಿಂದ ಏನೂ ಕಲಿತಿಲ್ಲ ಎಂದು. ಚಪ್ಪಾಳೆ ಹೊಡೆದ ಗೆಳತಿಯರಿಗೂ ಬರೆಯಲು ಹೇಳು.

ಆಶಾ ಈಗ ದಿನವೂ ಸಂಜೆ ನಮ್ಮ ಅಂಗಳಕ್ಕೆ ಬಂದು ಅಜ್ಜಿಯ ಹತ್ತಿರ ನೂಲುತ್ತಾಳೆ. ಎಳೆ ಕಡಿಯುವುದು ಕಡಿಮೆಯಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ವಾರ್ಡಿನಲ್ಲಿ ಹಿರಿಯ ನರ್ಸುಗಳು ಹೇಳಿದ್ದನ್ನು ಗಮನವಿಟ್ಟು ಕೇಳು, ಅವರ ಓದು ಎಷ್ಟೇ ಇರಲಿ. ಊರ ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಪುಷ್ಪಲತಾ

ಸೋಮವಾರ ಬೆಳಿಗ್ಗೆ, ಅಂಟಿಸಿದ್ದ ಕವರ್ ಬಿಚ್ಚಿ ಬರೆಯುತ್ತಿದ್ದೇನೆ:

ಅವರು ಫೇಲು ಮಾಡಿದರು ಎಂದು ಬರೆದೆ. ಅದು ಪೂರ್ತಿ ನಿಜವಲ್ಲ. ನೂರರಲ್ಲಿ ಇಪ್ಪತ್ತು ಅಂಕ ನನ್ನ ಕೈಯಲ್ಲಿದ್ದವು. ‘ಇತರರಿಗೆ ಕಲಿಸುವ ಸಾಮರ್ಥ್ಯ’ ಎಂಬ ಸಾಲು. ಉಳಿದವರಿಗೆಲ್ಲ ಹದಿನೈದು ಹಾಕಿದೆ. ಹೆತ್ತ ತಾಯಿಗೆ ಕಾರ್ಡ್ ಕೊಡಿಸಿದಳು ಎಂದು ಯಾರಾದರೂ ಚಾಡಿ ಹೇಳಿದರೆ ಕೆಲಸ ಹೋದೀತೆಂಬ ಭಯಕ್ಕೆ ಅವಳಿಗೆ ಆರು ಹಾಕಿದೆ. ಹನ್ನೆರಡು ಹಾಕಿದ್ದರೂ ಪಾಸಾಗುತ್ತಿದ್ದಳು.

ಈಗಷ್ಟೇ ಅವಳಿಗೆ ಹೇಳಿದೆ. ರಾಟೆ ನಿಲ್ಲಿಸಿ, "ಯಾತಕ್ಕೆ ಆರು?" ಎಂದು ಕೇಳಿದಳು.

"ಕಲಿಸಾಕೆ ಬರ್ತೈತೋ ಇಲ್ವೋ ಅನ್ನೋದಕ್ಕೆ."

"ನಿಂಗೆ ನೂಲಾಕೆ ಯಾರೇ ಕಲಿಸಿದ್ದು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಮರೆತವಳ ಹಾಗೆ, ನನ್ನ ಉತ್ತರಕ್ಕಾಗಿ ಕಾದಳು.