ಅತ್ತೆಯ ಇಂಗ್ಲಿಷ್

ಫೆಬ್ರವರಿ 10, ಸೋಮವಾರ

ರೋಹನನ ಹೋಮ್‌ವರ್ಕ್ ಮುಗಿಯಿತು. ಇವತ್ತಿನ ವಿಡಿಯೋದಲ್ಲಿ ಒಂದು ಕಪ್ಪೆ, ಒಂದು ಕೊಡೆ. ಕಪ್ಪೆ 'ಮೇ ಐ ಕಮ್ ಇನ್' ಎನ್ನುತ್ತದೆ, ಕೊಡೆ 'ಯೆಸ್, ಯು ಮೇ' ಎನ್ನುತ್ತದೆ. ಯುಕೆಜಿ ಹುಡುಗ ಒಂದು ಸಲ ಕೇಳಿ ಎದ್ದು ಓಡಿದ. ನಾನು ಮತ್ತೆ ಮತ್ತೆ ಕೇಳಿದೆ. ನಿಪ್ಪಾಣಿಯಲ್ಲಿ ಬಿ.ಎ. ಮಾಡಿದವಳು, ಕಪ್ಪೆಯಿಂದ ಕಲಿಯುತ್ತಿದ್ದೇನೆ... ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಮನೆಯ ಫೋನ್ ನನ್ನ ಕೈಗೆ ಬರುವುದೇ ಮಗನ ಹೆಸರಿನಲ್ಲಿ. ಹಾಗಾಗಿ ನನ್ನ ಇಂಗ್ಲಿಷಿಗೂ ಅವನಷ್ಟೇ ವಯಸ್ಸು. ಬಣ್ಣ ಗೊತ್ತು, ಹಣ್ಣು ಗೊತ್ತು, ವಾಶ್‌ರೂಮಿಗೆ ಹೋಗಲೇ ಎಂದು ಕೇಳುವುದು ಗೊತ್ತು. ದೊಡ್ಡವರಂತೆ ಒಂದು ಮಾತು ಹೇಳಲು ಬಾರದು.

ನಮ್ಮದು ತೋಟದ ಮನೆ. ಸುತ್ತ ದ್ರಾಕ್ಷಿ, ಅದರಾಚೆ ಕಬ್ಬು. ಮಂಗಸೂಳಿ ಊರೊಳಗೆ ಹೋಗಬೇಕೆಂದರೂ ಇವರ ಗಾಡಿಯೇ ಆಗಬೇಕು.

ಫೆಬ್ರವರಿ 13, ಗುರುವಾರ

ಮನಿಷಾ ಫೋನ್ ಮಾಡಿದ್ದಳು. ಕಾಲೇಜಿನ ಗೆಳತಿ, ಈಗ ಅಥಣಿಯಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯ ಟೀಚರ್. ಅಲ್ಲಿ ನರ್ಸರಿಗೆ ಒಬ್ಬರು ಬೇಕಂತೆ. "ಪ್ರಿನ್ಸಿಪಾಲ್ ಮೇಡಂ ವಿಡಿಯೋ ಕಾಲ್‌ನ್ಯಾಗ ಮಾತಾಡಸ್ತಾರ. ಭಾಳ ಇಂಗ್ಲಿಷ್ ಏನ್ ಬ್ಯಾಡ, ಅಂಜದ ಮಾತಾಡಿದ್ರ ಸಾಕು. ಮಾರ್ಚ್ ಒಂದಕ್ಕ, ಮುಂಜಾನೆ ಹನ್ನೊಂದಕ್ಕ. ಹ್ಞೂಂ ಅಂತೀಯೋ ಇಲ್ಲೋ?"

ಹ್ಞೂಂ ಅಂದೆ.

ಇವರಿಗೆ ಹೇಳಿಲ್ಲ. ಹೋದ ವರ್ಷ ಒಮ್ಮೆ ಕೇಳಿದ್ದೆ. "ನಮಗೇನ್ ಕಮ್ಮಿ ಆಗೇತಿ? ನಮ್ಮನಿ ಸೊಸಿ ಮಂದಿ ಹುಡುಗೂರ ಮೂಗ ಒರಸಾಕ ಹೋಗ್ಬೇಕೇನ?" ಅಂದಿದ್ದರು. ನಗುತ್ತಲೇ ಅಂದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ನಗುವ ಗಂಡನ ಎದುರು ಏನು ಆಡುವುದು? ಕೆಲಸ ಮೊದಲು ಸಿಗಲಿ, ಹೇಳಿದರಾಯಿತು.

ಫೆಬ್ರವರಿ 19, ಬುಧವಾರ

ಕಪ್ಪೆಯನ್ನು ಬಿಟ್ಟೆ. ಈಗ ದೊಡ್ಡವರ ವಿಡಿಯೋ. ಕೋಟು ಹಾಕಿದ ಒಬ್ಬ ಹೆಂಗಸು ಕೇಳುತ್ತಾಳೆ — ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.

ಉತ್ತರ ಕಟ್ಟಿದ್ದೇನೆ. ಮೈ ನೇಮ್ ಈಸ್ ಉಜ್ವಲಾ. ಐ ಆಮ್ ಫ್ರಮ್ ಮಂಗಸೂಳಿ. ಐ ಲವ್ ಚಿಲ್ಡ್ರನ್. ಐ ಲರ್ನ್ ಫಾಸ್ಟ್. ಐ ಆಮ್ ನಾಟ್ ಅಫ್ರೇಡ್... ಕೊನೆಯದು ವಿಡಿಯೋದಲ್ಲಿರಲಿಲ್ಲ. ನಾನೇ ಸೇರಿಸಿದ್ದು. ಸುಳ್ಳು.

ರೊಟ್ಟಿ ಬಡಿಯುವಾಗ ಹೇಳಿಕೊಳ್ಳುತ್ತೇನೆ. ಎಮ್ಮೆ ಹಿಂಡುವಾಗಲೂ. ಅತ್ತೆ ಶಿವಗಂಗವ್ವ ಹತ್ತಿರದಲ್ಲೇ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿರುತ್ತಾರೆ. ಅವರಿಗೇನು ತಿಳಿಯಬೇಕು.

ಫೆಬ್ರವರಿ 24, ಸೋಮವಾರ. ಸಂಜೆ

ಸಿಕ್ಕಿಬಿದ್ದೆ. ಅಲ್ಲ — ಬೀಳಬೇಕಿತ್ತು.

ನಮ್ಮ ಮನೆಯ ಎಲ್ಲ ಫೋನಿಗೂ ಒಂದೇ ಮೇಲ್ ಐಡಿ, ಇವರದು. ಕಾಗವಾಡದ ಮೊಬೈಲ್ ಅಂಗಡಿಯವನು ನೆನಪಿಡಲು ಸುಲಭ ಎಂದು ಹಾಗೇ ಹಾಕಿಕೊಟ್ಟಿದ್ದ. ಇಲ್ಲಿ ನಾನು ನೋಡಿದ್ದು ಅಲ್ಲಿ ಇವರ ಫೋನಿನಲ್ಲೂ ಬರುತ್ತದೆಂದು ನನಗೆಲ್ಲಿ ಗೊತ್ತು! ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು.

ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನಾಲ್ಕು ಮಂದಿಗೆ ಬಳ್ಳಿಗೆ ಹೊಡೆಯುವ ಔಷಧದ ವಿಡಿಯೋ ತೋರಿಸಲು ಇವರು ಫೋನ್ ತೆಗೆದಿದ್ದಾರೆ. ತೆಗೆದರೆ ಕೋಟಿನ ಹೆಂಗಸು. ಪಕ್ಕದ ತೋಟದ ಸಂಭಾಜಿ ಕಾಕಾ, "ಏನ್ಲೇ ಬಾಬಾಸಾಹೇಬ, ದ್ರಾಕ್ಷಿ ಬಿಟ್ಟು ನೌಕರಿ ಹಿಡಿಯಾಂವೇನ?" ಅಂದರಂತೆ. ಎಲ್ಲರೂ ನಕ್ಕರಂತೆ.

ಮನೆಗೆ ಬಂದವರೇ ಅಂಗಳದಲ್ಲಿ ನಿಂತರು. ಈ ಸಲ ನಗು ಇರಲಿಲ್ಲ. "ಯಾರ್ ನೋಡಾಕತ್ತೀರಿ ಇದನ್ನ?"

ನಾನು ಸೆರಗಿಗೆ ಕೈ ಒರೆಸುತ್ತ ಹೊರಬಂದೆ.

"ನಾ ನೋಡೇನಿ," ಅಂದರು ಅತ್ತೆ, ತೊಟ್ಟು ಬಿಡಿಸುತ್ತಲೇ.

"ನೀ ಸಾಲಿ ಮಾರಿ ನೋಡಿಲ್ಲಲ್ಲ ಬೇ!"

"ಅದಕ್ಕ ನೋಡೇನಿ. ಮೊಮ್ಮಗನ ಸಾಲಿಗೆ ಹೋದಾಗ ಬಾಯಿ ಮುಚ್ಚಿ ಕುಂಡರ್ಲೇನ?"

"ಹಂಗಾರ ಹೇಳ ನೋಡೂಣು."

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಮೈ ನೇಮ್ ಈಸ್ ಶಿವಗಂಗವ್ವ. ಐಯಾಮ್ ಫ್ರಮ್ ಮಂಗಸೂಳಿ. ಐ ಲವ್ ಚಿಲ್ಡ್ರನ್. ಐ ಲರ್ನ್ ಫಾಸ್ಟ್. ಐಯಾಮ್ ನಾಟ್ ಅಫ್ರೇಡ್."

ನನ್ನ ಮಾತುಗಳು. ಒಂದನ್ನೂ ಬಿಟ್ಟಿರಲಿಲ್ಲ.

ಇವರು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಹೇಳಿಸಿ ವಿಡಿಯೋ ಮಾಡಿಕೊಂಡರು.

ಆಮೇಲೆ ಅತ್ತೆ ಅಡುಗೆಮನೆಗೆ ಬಂದರು. "ಆ ಕಡೀ ಮಾತಿನ ಅರ್ಥ ಏನ?"

"ನನಗ ಅಂಜಿಕಿ ಇಲ್ಲ ಅಂತ್ರಿ, ಅತ್ತಿ."

"ಹಂಗಾರ ನೀ ಯಾಕ ಅಷ್ಟ ಮೆಲ್ಲಕ ಅಂತಿದ್ದಿ?"

ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಫೆಬ್ರವರಿ 27, ಗುರುವಾರ

ಅತ್ತೆಯ ವಿಡಿಯೋ ಇವರ ಸ್ಟೇಟಸ್‌ಗೆ ಹೋಯಿತು. ಅಲ್ಲಿಂದ ಯಾವ ಯಾವ ಗ್ರೂಪಿಗೋ. ಶಿರಗುಪ್ಪಿಯ ಬೀಗರು ಫೋನ್ ಮಾಡಿದರು. ದಿನಾ ಯಾರಾದರೂ ಬರುತ್ತಾರೆ — "ಶಿವಗಂಗಕ್ಕಾ, ಒಂದೀಟ ಇಂಗ್ಲಿಷ್ ಆಗ್ಲಿ." ಅತ್ತೆ ಹೇಳುತ್ತಾರೆ, ನಾನು ಚಹಾ ಮಾಡುತ್ತೇನೆ.

ಮನೆಯ ಫೋನಿಗೆ ಈಗ ಅವ್ವನ ಫೋನ್ ಎಂದು ಹೆಸರು. ರೋಹನ ಅಜ್ಜಿಗೆ ಕಪ್ಪೆಯ ಪಾಠ ಹಾಕಿಕೊಡುತ್ತಾನೆ. ದೊಡ್ಡವರ ವಿಡಿಯೋ ನಾನು ಮುಟ್ಟುವಂತಿಲ್ಲ, ಫೋನ್ ದಿನವಿಡೀ ಅಜ್ಜಿ-ಮೊಮ್ಮಗನ ಕೈಯಲ್ಲೇ. ಎಮ್ಮೆ ಹಿಂಡುವಾಗಲೂ ಬಾಯಿ ಬಿಡುತ್ತಿಲ್ಲ. ನನ್ನ ಉತ್ತರ ಈಗ ಊರಿನ ತಮಾಷೆ. ಅದನ್ನೇ ನಾನು ಮೇಡಂಗೆ ಹೇಳಬೇಕು!

ನನ್ನನ್ನು ಉಳಿಸಿದವರ ಮೇಲೇ ಸಿಟ್ಟು ಬರುತ್ತಿದೆ. ನಾಚಿಕೆಯೂ ಆಗುತ್ತಿದೆ. ಶನಿವಾರದ ಕಾಲ್ ವಿಷಯ ಅತ್ತೆಗೆ ಹೇಳಿಬಿಟ್ಟೆ. ಪೂರ್ತಿ ಕೇಳಿಸಿಕೊಂಡರು. "ಹ್ಞೂಂ" ಅಂದರು, ಅಷ್ಟೇ.

ಮಾರ್ಚ್ 1, ಶನಿವಾರ. ಹನ್ನೊಂದಾಗುತ್ತ ಬಂತು

ಇವರು ಶೆಡ್ಡಿಗೆ ಹೋಗುವವರಿದ್ದರು. ಹೋಗಲಿಲ್ಲ. ತಾಸಗಾಂವದ ಒಣದ್ರಾಕ್ಷಿ ವ್ಯಾಪಾರಿಗಳು ನೇರ ಮನೆಗೇ ಬಂದರು. ಪಡಸಾಲೆ ತುಂಬ ಜನ. ಮನೆಯ ಫೋನ್ ಇವರ ಕೈಯಲ್ಲಿ — ಅವ್ವ ಯಾವ ವಿಡಿಯೋ ನೋಡಿ ಕಲಿತಳೆಂದು ತೋರಿಸುತ್ತಿದ್ದಾರೆ.

ನಾನು ಒಳ್ಳೆಯ ಸೀರೆ ಉಟ್ಟು ಚಹಾ ಕಾಯಿಸುತ್ತಿದ್ದೇನೆ. ಮನೆಗೆ ಅತಿಥಿಗಳು ಬಂದಿದ್ದಕ್ಕೆ ಉಟ್ಟೆ ಎಂದು ಇವರು ಅಂದುಕೊಂಡಿದ್ದಾರೆ. ಒಲೆಯ ಪಕ್ಕ ನಿಂತೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ. ಕಾಲ್ ಬರದಿರಲಿ ದೇವರೇ. ಬರಲಿ. ಬರದಿರಲಿ...

ರಿಂಗ್.

"ವಿಡಿಯೋ ಕಾಲ್ ಐತಿ. ಯಾರದಿದು? ಅವ್ವಾ, ನಿನಗೇನ ಬೇ?" — ಇವರು. ಎಲ್ಲರ ನಗು.

"ನನಗಲ್ಲೋ ಬಾಬಾ. ಆಕೀಗಿ." ಅತ್ತೆಯ ದನಿ. "ನಾ ಹೇಳಿದ ಮಾತೂ ಆಕೀವ. ಫೋನ್ ಕೊಡಿಲ್ಲಿ... ಉಜ್ವಲಾ, ಬಾ ಹೊರಗ! ಗಟ್ಟಿಯಾಗಿ ಹೇಳ."

ನಗು ನಿಂತಿತು. ರಿಂಗ್ ನಿಂತಿಲ್ಲ. ಗ್ಯಾಸ್ ಆರಿಸಿದೆ, ಹೊರಟೆ. ಮೈ ನೇಮ್ ಈಸ್ —