ಮರೆಪ್ಪನನ್ನು ಯಾರೂ ಕೇಳಲಿಲ್ಲ

ಕತ್ರಿಗುಪ್ಪೆ
ಭಾನುವಾರ, ೧೪-೯-೨೦೨೫

ಪ್ರೀತಿಯ ದಿನೇಶ,

ಗಡಿಯಲ್ಲಿ ಚಳಿ ಶುರುವಾಯಿತೇ? ಮಂಡಿನೋವು ಹೇಗಿದೆ? ನಿಮ್ಮಮ್ಮ ಹುರುಳಿಪುಡಿ ಕಳಿಸಿದ್ದಾಳೆ, ಬಿಸಿ ಅನ್ನಕ್ಕೆ ಕಲಸಿಕೋ. ನನ್ನ ಬಿಪಿ ಹದದಲ್ಲಿದೆ.

ನೀನು ಮಗಳ ಜೊತೆ ಮಾತು ಬಿಟ್ಟು ನಲವತ್ತು ದಿನವಾಯಿತು. ಉಗ್ರರ ದುಡ್ಡು ಬಂದಿದೆಯೆಂಬ ಅನುಮಾನದ ಮೇಲೆ ಸರ್ಕಾರದಿಂದ ಬ್ಯಾಂಕ್ ಖಾತೆ ಮುಚ್ಚಿಸಿಕೊಂಡವನ ಪರವಾಗಿ ಅರ್ಪಿತ ವಕಾಲತ್ತು ಹಾಕಿದಳೆಂದು ನಿನಗೆ ಸಿಟ್ಟು. ಬಂದೂಕು ಹಿಡಿದು ನಿಂತವನಿಗೆ ಬಾರದೇ ಇರುತ್ತದೆಯೇ? ಮೇಲಿನ ಮನೆ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಗುರುಬಸಪ್ಪ ಕೂಡ ಗೇಟಿನಲ್ಲಿ ನಿಂತು, “ಮಗ ಗಡಿ ಕಾಯ್ತಾನ, ಮೊಮ್ಮಗಳು ಉಗ್ರರನ್ನ ಕಾಯ್ತಾಳೇನ್ರಿ ಯಜಮಾನ್ರ?” ಅಂದ.

ಅದಕ್ಕೇ ಬುಧವಾರ ನಾನೇ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಖಾತೆ ಕಳೆದುಕೊಂಡ ಆ ಮೌನೇಶ ಬಿಟಿಎಂ ಬಡಾವಣೆಯಲ್ಲಿ ಟಿಕೆಟ್ ಬುಕಿಂಗ್ ಅಂಗಡಿಯವನು. ತಪ್ಪು ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅರ್ಪಿತಳಿಗೂ ಗೊತ್ತಿಲ್ಲ, ಹಾಗೆಂದೇ ಹೇಳಿದಳು. “ಖಾತೆ ತೆರೀರಿ ಅಂತ ಕೇಳ್ತಿಲ್ಲ ಸ್ವಾಮಿ. ಯಾಕೆ ಮುಚ್ಚಿದ್ರಿ ಅಂತ ಅವನಿಗೆ ತಿಳಿಸಿ, ಅವನ ಮಾತೂ ಕೇಳಿ. ಅಲ್ಲೀವರೆಗೂ ಅವನ ತಾಯಿ ಇನ್ಸುಲಿನ್ನಿಗೆ, ಅಕ್ಕಿಬೇಳೆಗೆ ದುಡ್ಡು ಬಿಡಿ.” ಎದುರು ವಕೀಲರು ದೇಶದ ಭದ್ರತೆ ಎಂದಾಗ, ಇವಳು ನಮ್ಮಪ್ಪನೇ ಗಡಿಯಲ್ಲಿದ್ದಾರೆ ಎನ್ನಬಹುದಿತ್ತು. ನಿನ್ನ ಹೆಸರನ್ನು ಬಳಸಿಕೊಳ್ಳಲಿಲ್ಲ. ಖಾತೆ ಮುಚ್ಚಿಯೇ ಇರಲಿ ಎಂದರು ನ್ಯಾಯಾಧೀಶರು. ಆದರೆ ಮನೆಖರ್ಚಿಗೆ ಬಿಡಬೇಕು, ಕಾರಣ ಬರೆದು ಕೊಡಬೇಕು, ಮೂರು ವಾರದಲ್ಲಿ ಅವನ ಮಾತು ಕೇಳಬೇಕು ಎಂದರು. ಹೊರಗೆ ಅವನ ತಾಯಿ ತಂಗೆವ್ವ ಇವಳ ಕೈ ಹಿಡಿದು ಬಿಡಲೇ ಇಲ್ಲ. ನಾನು ಅಲ್ಲಿದ್ದವರಿಗೆಲ್ಲ ಕೇಳುವಂತೆ, ಅವಳು ನನ್ನ ಮೊಮ್ಮಗಳು ಎಂದೆ.

ನಮ್ಮ ಹುಲ್ಲಿನ ಬಣವೆ ಸುಟ್ಟ ಕಥೆ ನೀನು ಕೇಳಿದ್ದೀಯ. ನಾನು ಹುಡುಗನಾಗಿದ್ದಾಗ ನಮ್ಮ ಹೊಸಕೆರೆಹಳ್ಳಿ ಇನ್ನೂ ಹಳ್ಳಿಯೇ. ಪಕ್ಕದ ಮನೆಯ ಮರೆಪ್ಪನ ಮೇಲೆ ಅನುಮಾನವೆಂದು ನಿಮ್ಮ ತಾತ ಪಂಚಾಯ್ತಿ ಸೇರಿಸಿ, ಅವನ ಮನೆಗೆ ಯಾರೂ ನೀರು, ಬೆಂಕಿ ಕೊಡಬಾರದೆಂದು ಕಟ್ಟು ಮಾಡಿದರು. ಅವನನ್ನು ಒಂದು ಮಾತೂ ಕೇಳಲಿಲ್ಲ. ಹದಿನೇಳನೆಯ ದಿನ ಗಂಡಹೆಂಡಿರು ಎಳೆಗೂಸು ಎತ್ತಿಕೊಂಡು ಚಿಕ್ಕಲಸಂದ್ರದ ಕಡೆ ನಡೆದುಬಿಟ್ಟರು. ನಮ್ಮ ಮನೆಯಲ್ಲಿ ಕೇಳುವವಳು ಹುಟ್ಟಲು ಇಷ್ಟು ಕಾಲ ಬೇಕಾಯಿತು.

ಬನಶಂಕರಿ ತಾಯಿ ನಿನ್ನ ಬೆನ್ನಿಗಿರಲಿ. ಜೊತೆಯ ಜವಾನರಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಅಪ್ಪ,
ತಿಮ್ಮರಾಯಪ್ಪ

ತಾ.ಕ.: ಕವರು ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ನಿಮ್ಮಮ್ಮನಿಗೂ ಗೊತ್ತಿಲ್ಲ. ಆ ಬಣವೆಯ ಮರೆಯಲ್ಲಿ ಬೀಡಿ ಸೇದಿ ಎಸೆದವನು ನಾನು. ಮರೆಪ್ಪ ನೋಡಿದ್ದ. ಕೇಳಿದ್ದರೆ ಹೇಳುತ್ತಿದ್ದ. ಸಿಟ್ಟು ನನ್ನ ಮೇಲಿರಲಿ, ಈ ಕಾಗದ ಸಿಕ್ಕಿದ ದಿನವೇ ಅರ್ಪಿತಳಿಗೆ ಫೋನ್ ಮಾಡು.