ಎರಡನೆಯ ಪೇಪರ್ ಬೇಡ

ಮೀಂಜ, ಭಾನುವಾರ

ಪೇಪರ್ ಏಜೆಂಟ್ ಭುಜಂಗಣ್ಣನಿಗೆ ಸೌದಾಮಿನಿ ಟೀಚರ ನಮಸ್ಕಾರ.

ಸೋಮವಾರದಿಂದ ಎರಡು ಪೇಪರ್ ಹಾಕಿ ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸಿಟ್ಟಿನ ಮಾತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸೊಸೆ ಅನಘಾ ನನ್ನ ಪದಬಂಧವನ್ನು ಪೆನ್ನಿನಲ್ಲೇ ಅರ್ಧ ತುಂಬಿಸಿಬಿಟ್ಟಿದ್ದಳು. ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ಪಯ್ಯನ್ನೂರಿನ ಅವಳು ಕನ್ನಡ ಅಕ್ಷರ ಕಲಿತು ಇನ್ನೂ ವರ್ಷವಾಗಿಲ್ಲ.

ಇವತ್ತು ಪೇಪರನ್ನು ಬಚ್ಚಿಟ್ಟುಕೊಂಡು ಒಬ್ಬಳೇ ಕೂತೆ. "ಕಾಮನಬಿಲ್ಲು, ನಾಲ್ಕಕ್ಷರ" ಎಂದಿತ್ತು. 'ಇಂದ್ರಚಾಪ' ಎಂದು ಬರೆದೆ. ಮೇಲಿನಿಂದ ಕೆಳಕ್ಕೆ ಯಾವುದೂ ಕೂಡಲಿಲ್ಲ. ಒಂದು ಗಂಟೆ ತಲೆ ಕೆರೆದುಕೊಂಡು, ಕೊನೆಗೆ ನಾಚಿಕೆ ಬಿಟ್ಟು ಅವಳನ್ನೇ ಕರೆದೆ.

"ನಮ್ಮ ಮಲಯಾಳದಲ್ಲಿ ಮಳವಿಲ್ಲ್ ಹೇಳುದು. ಕನ್ನಡದಲ್ಲಿ ಮಳೆಬಿಲ್ಲು ಅಂತ ಉಂಟಾ ಅತ್ತೆ?" ಎಂದಳು.

"ಉಂಟು ಮಾರಾಯ್ತಿ, ಉಂಟು!" ಎಂದು ಕೂಗಿಯೇಬಿಟ್ಟೆ.

ಉಳಿದದ್ದನ್ನು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಜಗಳವಾಡುತ್ತಲೇ ಮುಗಿಸಿದೆವು. ಒಲೆಯ ಮೇಲಿನ ಗಂಜಿ ತಳ ಹಿಡಿಯಿತು. ಇಬ್ಬರಿಗೂ ನಗು ತಡೆಯಲಿಲ್ಲ.

ಹಾಗಾಗಿ ಒಂದೇ ಪೇಪರ್ ಸಾಕು. ಆದರೆ ದಯವಿಟ್ಟು ಆರೂವರೆಗೇ ಹಾಕಿ. ಏಳೂಕಾಲಿಗೆ ಅವಳಿಗೆ ಇಲ್ಲೇ ಅನಂತಪುರದ ಫ್ಯಾಕ್ಟರಿ ಕೆಲಸಕ್ಕೆ ಬಸ್ಸು ಉಂಟು, ಅವಳಿಲ್ಲದೆ ನಾನು ಪೆನ್ನು ತೆಗೆಯುವುದಿಲ್ಲ.

ಇತಿ,
ಸೌದಾಮಿನಿ